ಹದಿನೈದೂವರೆ ಕಿಲೋಮೀಟರ್

2025ರ ಫೆಬ್ರುವರಿ 12, ಬುಧವಾರ. ಸಂಜೆ 4 ಗಂಟೆ 10 ನಿಮಿಷಕ್ಕೆ ಲೋಕಿಕೆರೆಯ ಶಿವು ದಾವಣಗೆರೆಯ ಗ್ರಾಮಾಂತರ ಠಾಣೆಗೆ ಬಂದ. ಅವನ ಅಂಗಿಯ ಎಡತೋಳು ಸುಟ್ಟಿತ್ತು. ಹಿಂದೆ ಎರಡು ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಅವರು ಒಳಗೆ ಬರಲಿಲ್ಲ. ಗೇಟಿನ ಹೊರಗೆ ನಿಂತರು. ಹೋಗಲೂ ಇಲ್ಲ.

ದೂರು ಚಿಕ್ಕದು. ಅವನ ತಂದೆ ಕೆಂಚಣ್ಣ, 68 ವರ್ಷ, ಊಟ ಮುಗಿಸಿ ನಾಲೆ ದಂಡೆಯ ಹೊಲದಲ್ಲಿ ಹುಲ್ಲಿನ ಬಣವೆಯ ನೆರಳಿಗೆ ಮಲಗಿದ್ದ. ಮಧ್ಯಾಹ್ನ 2 ಗಂಟೆ 40ರ ಸುಮಾರಿಗೆ ಬಣವೆಗೆ ಬೆಂಕಿ ಬಿತ್ತು. ಎರಡೂ ಕಾಲು ತೊಡೆಯವರೆಗೆ ಸುಟ್ಟಿವೆ. ಸರ್ಕಾರಿ ಆಸ್ಪತ್ರೆಯಲ್ಲಿದ್ದಾನೆ. ಬೆಂಕಿ ಹಚ್ಚಿದವನು ದಾವಣಗೆರೆಯ ಹುಲ್ಲಿನ ವ್ಯಾಪಾರಿ ಹಮ್ಜಾ.

ಇನ್‌ಸ್ಪೆಕ್ಟರ್ ಹಾಲೇಶ್ ಪೆನ್ನು ಕೆಳಗಿಟ್ಟರು.

"ಹಚ್ಚಿದ್ದು ನೋಡಿದ್ಯಾ?"

"ಹಚ್ಚಿದ್ದು ನೋಡಿಲ್ರಿ. ಅವನ ಗಾಡಿ ನೋಡೀವಿ. ಇಡೀ ಊರೇ ನೋಡೈತೆ."

"ಅವನಿಗೂ ನಿಮ್ಮಪ್ಪನಿಗೂ ಏನು?"

"ಸೋಮವಾರ ಜಗಳ ಆತ್ರಿ. ಹುಲ್ಲು ಒಯ್ತೀನಿ ಅಂದೋನು ಎರಡು ದಿನ ತಡ ಮಾಡಿ ಬಂದ. ಅಪ್ಪ ಕೊಡಲ್ಲ ಹೋಗು ಅಂದ. ಹಂಗಾರೆ ನೀವೇ ಸುಟ್ಕಳ್ರಿ ಅಂದ. ಹತ್ತು ಜನ ಕೇಳ್ಯಾರೆ."

"ಬೆಂಕಿ ಗಾಡಿಗೆ ಫೋನ್ ಮಾಡಿದ್ದು ಯಾರು?"

"ಯಾರೋ ಮಾಡ್ಯಾರೆ. ಬೇಗ ಬಂತು. ಇಲ್ಲಾಂದ್ರೆ ಪಕ್ಕದ ನಾಲ್ಕು ಬಣವೆನೂ ಹೋಗ್ತಿದ್ವು."

ಹೆಡ್ ಕಾನ್‌ಸ್ಟೆಬಲ್ ಜಂಬಯ್ಯ ದೂರನ್ನು ಬರೆದುಕೊಂಡ. ಅಗ್ನಿಶಾಮಕಕ್ಕೆ ಮಾಹಿತಿ ಕೊಟ್ಟವರು ಯಾರು ಎಂಬಲ್ಲಿ 'ಸಾರ್ವಜನಿಕರು' ಎಂದು ಬರೆದ. ಇಪ್ಪತ್ತಾರು ವರ್ಷದಿಂದ ಅವನು ಅಲ್ಲಿ ಅದನ್ನೇ ಬರೆಯುತ್ತಿದ್ದ. ಬೆಂಕಿಯಿಂದ ಹಾನಿ ಮಾಡಿದ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

5 ಗಂಟೆ 30ಕ್ಕೆ ಹಮ್ಜಾನನ್ನು ಅವನ ಗೋದಾಮಿನಿಂದ ಕರೆತಂದರು. ಇಪ್ಪತ್ತೊಂಬತ್ತು ವರ್ಷ, ತೆಳ್ಳಗಿನ ಆಳು. ತಲೆಗೂದಲಲ್ಲಿ ಹುಲ್ಲಿನ ಎಸಳುಗಳಿದ್ದವು. ಗೇಟಿನಲ್ಲಿ ಜನ ಜೀಪಿನ ಬಾಗಿಲು ಬಡಿದರು.

"ಲೋಕಿಕೆರೆಗೆ ಯಾಕೆ ಹೋಗಿದ್ದೆ?"

"ದ್ಯಾಮವ್ವನ ಹೊಲದ ಹುಲ್ಲು ನೋಡಾಕೆ ಸಾರ್."

"ಎಷ್ಟೊತ್ತಿಗೆ ಬಿಟ್ಟೆ?"

"ಎರಡೂಕಾಲು. ಎರಡೂವರೆ. ಗಡಿಯಾರ ನೋಡಿಲ್ಲ."

"ಸುಟ್ಕಳ್ರಿ ಅಂದಿದ್ದು ಹೌದಾ?"

ಹಮ್ಜಾ ತಲೆಗೂದಲಿನ ಒಂದು ಎಸಳು ಕಿತ್ತು ಕೈಯಲ್ಲಿ ಹಿಡಿದ.

"ಹೌದು ಸಾರ್. ಸಿಟ್ಟಿಗೆ ಅಂದೆ. ಸಿಟ್ಟಿಗೆ ಅಂದಿದ್ದೆಲ್ಲ ಮಾಡೋದಾದ್ರೆ ನಮ್ಮ ಮನೆಯಾಗೆ ಒಬ್ರೂ ಉಳೀತಿರಲಿಲ್ಲ."

ಯಾರೂ ನಗಲಿಲ್ಲ.

ಕತ್ತಲಾಗುವ ಮೊದಲು ಹಾಲೇಶ್ ಸ್ಥಳಕ್ಕೆ ಹೋಗಿ ಪಂಚನಾಮೆ ಮುಗಿಸಿದರು. ಬಣವೆ ಇದ್ದದ್ದು ಊರಿನಿಂದ ಎರಡು ಕಿಲೋಮೀಟರ್ ಆಚೆ. ಈಗ ಅಲ್ಲಿ ಒದ್ದೆ ಕರಿ ಬೂದಿಯ ಒಂದು ವೃತ್ತ ಇತ್ತು. ಗಾಳಿ ಬರುವ ಬದಿಯಲ್ಲಿ ಅರ್ಧ ಸುಟ್ಟ ರಟ್ಟಿನ ತುಂಡು ಸಿಕ್ಕಿತು. ಅದಕ್ಕೆ ಕಂದು ಟೇಪು ಅಂಟಿತ್ತು. ಜಂಬಯ್ಯ ಅದನ್ನು ಕವರಿಗೆ ಹಾಕಿ ಮೊಹರು ಮಾಡಿದ. ಪಂಚರ ಸಹಿ ಆಯಿತು. ಸ್ಥಳದ ಅಕ್ಷಾಂಶ ರೇಖಾಂಶವನ್ನು ಕಾನ್‌ಸ್ಟೆಬಲ್ ಕೀರ್ತನಾ ಫೋನಿನಲ್ಲಿ ನೋಡಿ ಬರೆಸಿದಳು.

ಅವರು ಮರಳುವಷ್ಟರಲ್ಲಿ ಹಮ್ಜಾನ ಪಿಕಪ್ ಗಾಡಿಯ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಹನ್ನೊಂದು ಸೆಕೆಂಡು. ಕೆಳಗೆ ಬರೆದಿದ್ದ ಮಾತುಗಳನ್ನು ಹಾಲೇಶ್ ಒಮ್ಮೆ ಓದಿ ಫೋನನ್ನು ಮಗುಚಿಟ್ಟರು. ಡಿವೈಎಸ್‌ಪಿ ಕರೆ ಮಾಡಿದರು. ಊರು ಬಿಸಿಯಾಗಿದೆ, ನಾಳೆ ಸಂಜೆ ಐದೂವರೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಇಲ್ಲ ಬಿಡಬೇಕು. ಬಿಡುವುದಾದರೆ ಯಾಕೆ ಬಿಟ್ಟೆವೆಂದು ಜನಕ್ಕೆ ಹೇಳಲು ಏನಾದರೂ ಕೈಯಲ್ಲಿರಬೇಕು ಎಂದರು.

ಬೆಂಚಿನ ಮೇಲೆ ಹಮ್ಜಾನ ಹೆಂಡತಿ ಸಿಮ್ರಾನ್ ಕೂತಿದ್ದಳು. ಏಳು ತಿಂಗಳ ಬಸುರಿ. ತೊಡೆಯ ಮೇಲೆ ಬುತ್ತಿಯ ಡಬ್ಬಿ.

"ಮನೆಗೆ ಹೋಗಮ್ಮ," ಎಂದ ಜಂಬಯ್ಯ.

"ಹೊರಗೆ ಅಷ್ಟು ಜನ ಅದಾರಲ್ಲ ಅಣ್ಣ. ಅವರು ಹೋಗ್ಲಿ, ಹೋಗ್ತೀನಿ."

"ಅವರು ನೀನು ಹೋಗ್ಲಿ ಅಂತ ಕಾಯ್ತಿಲ್ಲ."

"ಗೊತ್ತೈತೆ. ನಾಳೆ ನಮ್ಮನೆಯವ್ರನ್ನ ಜೈಲಿಗೆ ಕಳಿಸಿದ್ರೆ ನಮ್ಮ ಗೋದಾಮೂ ಬಣವೇನೇ ಆಗ್ತೈತೆ. ಅದೂ ಗೊತ್ತೈತೆ."

ಜಂಬಯ್ಯ ಮಹಿಳಾ ಸಿಬ್ಬಂದಿಯ ಕೋಣೆ ತೆಗೆಸಿಕೊಟ್ಟ.

* * *

ಗುರುವಾರ, 13ನೇ ತಾರೀಖು. ಬೆಳಿಗ್ಗೆ 8 ಗಂಟೆ 20.

ಕೀರ್ತನಾ ಎಂಎಸ್ಸಿ ಕಂಪ್ಯೂಟರ್ ಸೈನ್ಸ್ ಓದಿ ಕಾನ್‌ಸ್ಟೆಬಲ್ ಆದವಳು. ಠಾಣೆಯಲ್ಲಿ ಅವಳ ಓದು ಸಮನ್ಸ್ ಟೈಪ್ ಮಾಡಲು, ಪ್ರಿಂಟರಿನಲ್ಲಿ ಸಿಕ್ಕ ಹಾಳೆ ಎಳೆಯಲು ಬಳಕೆಯಾಗುತ್ತಿತ್ತು. ಅವಳು ತನ್ನ ಲ್ಯಾಪ್‌ಟಾಪ್ ತಂದು ಹಾಲೇಶ್ ಅವರ ಮೇಜಿನ ಮೇಲಿಟ್ಟಳು.

"ಸರ್, ಒಂದು ಸ್ಕ್ರಿಪ್ಟ್ ಇದೆ. ಪೈಥಾನ್‌ದು."

"ಅಂದರೆ?"

"ಒಂದು ಜಾಗದ ಅಕ್ಷಾಂಶ ರೇಖಾಂಶ ಕೊಡೋದು. ಸುತ್ತ ಎಷ್ಟು ದೂರ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಅಂತ ಕೊಡೋದು. ಆ ಜಾಗದ ಹೆಸರಲ್ಲಿ ಜನ ಹಾಕಿರೋ ಸಾರ್ವಜನಿಕ ವಿಡಿಯೊ, ಫೋಟೊ ಹೆಕ್ಕಿ ಕೊಡುತ್ತೆ. ಕೆಲವು ತಾಣದವರು ಈ ದಾರಿ ಮುಚ್ಚಿದಾರೆ. ಎರಡು ಇನ್ನೂ ತೆರೆದಿವೆ. ಹೋದ ವರ್ಷ ಗಣಪತಿ ಬಂದೋಬಸ್ತಿಗೆ ಅಂತ ಬರೆದಿದ್ದೆ. ಯಾವ ಮೆರವಣಿಗೆ ಎಲ್ಲಿದೆ ನೋಡೋಕೆ."

"ಆಗ ನನಗೆ ಯಾರೂ ಹೇಳಲಿಲ್ಲ."

"ಹೇಳಿದ್ದೆ ಸರ್. ಪ್ರಿಂಟರ್ ನೋಡು ಅಂದಿದ್ರಿ."

ಹಾಲೇಶ್ ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟರು.

ಅವಳು ಲೋಕಿಕೆರೆ ಊರಿನ ಬಿಂದು ಕೊಟ್ಟಳು. ಸುತ್ತ ಒಂದು ಕಿಲೋಮೀಟರ್. ಬುಧವಾರ ಮಧ್ಯಾಹ್ನ ಎರಡರಿಂದ ಐದು. ಕಪ್ಪು ಪರದೆಯ ಮೇಲೆ ಒಂದು ಸಾಲು ಬಂತು. ಫಲಿತಾಂಶ ಸೊನ್ನೆ.

"ಇಪ್ಪತ್ತು ಜನ ಫೋನ್ ಹಿಡಿದು ನಿಂತಿದ್ರು ಅಂತ ಶಿವುನೇ ಹೇಳಿದಾನೆ," ಎಂದರು ಹಾಲೇಶ್.

ಜಂಬಯ್ಯ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಯಾರ್ ಲೋಕಿಕೆರೆ ಅಂತ ಹಾಕ್ತಾರಮ್ಮ? ನನ್ನ ತಂಗಿ ಮಗ ಅಲ್ಲೇ ಇರೋದು. ಹೊಲದಾಗೆ ನಿಂತು ಫೋಟೊ ತೆಗೀತಾನೆ, ದಾವಣಗೆರೆ ಅಂತ ಹಾಕ್ತಾನೆ. ಹೆಣ್ಣಿನ ಕಡೆಯೋರು ನೋಡ್ತಾರಲ್ಲ. ದಾವಣಗೆರೆಯೋರು ಬೆಂಗಳೂರು ಅಂತ ಹಾಕ್ತಾರೆ. ಇರೋ ಊರು ಹಾಕೋ ಒಬ್ಬನ್ನೂ ನಾನು ನೋಡಿಲ್ಲ."

ಕೀರ್ತನಾ ದಾವಣಗೆರೆಯ ಬಿಂದು ಕೊಟ್ಟಳು. 214 ಬಂದವು. ಬೆಣ್ಣೆದೋಸೆ, ನಾಮಕರಣ, ಹೊಸ ಬೈಕು. ಅವುಗಳ ನಡುವೆ ಕೆಂಚಣ್ಣನ ಬಣವೆ ಇಪ್ಪತ್ತಮೂರು ಕಡೆ ಉರಿಯುತ್ತಿತ್ತು. ಎಲ್ಲವೂ ನಕ್ಷೆಯ ಮೇಲೆ ನಗರದ ನಡುವಿನ ಒಂದೇ ಚುಕ್ಕಿಯಲ್ಲಿ ಬಂದು ಕೂತಿದ್ದವು. ಅವಳು ಒಂದೊಂದನ್ನೂ ತೆರೆದು ನೋಡಿದಳು. ಎಲ್ಲದರಲ್ಲೂ ಬೆಂಕಿ ಆಗಲೇ ಎದ್ದಿತ್ತು. ಎಲ್ಲರೂ ಆಮೇಲೆ ಬಂದವರು.

10 ಗಂಟೆ ಆಯಿತು. ಗೇಟಿನ ಹೊರಗೆ ಟ್ರ್ಯಾಕ್ಟರ್ ಈಗ ಐದು.

"ಸರ್, ಊರಿನ ಬಿಂದು ಬೇಡ. ನಿನ್ನೆ ಪಂಚನಾಮೆಯಲ್ಲಿ ಬರೆಸಿದ್ನಲ್ಲ, ಬಣವೆಯ ಬಿಂದು, ಅದನ್ನೇ ಕೊಡ್ತೀನಿ. ಸುತ್ತ ನೂರು ಮೀಟರ್."

ಪರದೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಂದು ಸಾಲು. ಫಲಿತಾಂಶ ಒಂದು.

ನಲವತ್ತೆರಡು ಸೆಕೆಂಡಿನ ವಿಡಿಯೊ. ಮಾತಿಲ್ಲ, ಮುಖವಿಲ್ಲ. ನಾಲೆ ಏರಿಯ ಮೇಲೆ ಅಗ್ನಿಶಾಮಕದ ಕೆಂಪು ಗಾಡಿ ಬರುವುದು ಕಾಣುತ್ತದೆ. ಗಾಡಿ ನಿಲ್ಲುತ್ತದೆ, ವಿಡಿಯೊ ಮುಗಿಯುತ್ತದೆ. ಹಾಕಿದವನು ಗುರುತು ಮಾಡಿದ್ದ ಜಾಗಕ್ಕೂ ಬಣವೆಗೂ ಎಂಟು ಮೀಟರ್ ಅಂತರ. ಕೆಳಗೆ ಒಂದು ಅಂಕಿ, ಒಂದು ಸಾಲು.

17. ಒಳಗೆ ಒಬ್ಬರಿದ್ದರು.

ಹಾಲೇಶ್ ಇನ್ನೊಮ್ಮೆ ಹಾಕಿಸಿ ನೋಡಿದರು.

"ಬೇರೇನು ಹಾಕಿದಾನೆ?"

ಖಾತೆಗೆ ಚಿತ್ರವಿರಲಿಲ್ಲ. ಹೆಸರು ಎಸ್.ವಿ. ಅನುಸರಿಸುವವರು ಇಬ್ಬರು. ಹಿಂದೆ ಇನ್ನೆರಡು ವಿಡಿಯೊ ಇದ್ದವು. ಜನವರಿ 29, ಕೊಂಡಜ್ಜಿಯ ಆಚೆ ಒಂದು ಹೊಲ, ಅಂಕಿ 19. ಫೆಬ್ರುವರಿ 5, ಹದಡಿ ಕಡೆಯ ಒಂದು ಹೊಲ, ಅಂಕಿ 18. ಎರಡರಲ್ಲೂ ಹೊಗೆಯ ಪಕ್ಕ ಅದೇ ಕೆಂಪು ಗಾಡಿ ಬಂದು ನಿಲ್ಲುತ್ತದೆ. ಎರಡೂ ಬುಧವಾರ. ಎರಡೂ ಮಧ್ಯಾಹ್ನ ಮೂರರ ಸುಮಾರು.

ಜಂಬಯ್ಯ ಕೊಂಡಜ್ಜಿಗೂ ಹದಡಿಗೂ ಫೋನ್ ಮಾಡಿ ಕೇಳಿದ. ಎರಡೂ ಕಡೆ ಬಣವೆ ಸುಟ್ಟದ್ದು ನಿಜ. ಬೀಡಿ ಕಿಡಿ ಬಿದ್ದಿರಬೇಕೆಂದುಕೊಂಡು ಯಾರೂ ದೂರು ಕೊಟ್ಟಿರಲಿಲ್ಲ.

"ಹತ್ತೊಂಬತ್ತು, ಹದಿನೆಂಟು, ಹದಿನೇಳು," ಎಂದ ಜಂಬಯ್ಯ. "ಇಳಿಸ್ಕಂತಾ ಬರ್ತಾನೆ ಸಾರ್. ಮುಂದಿನ ಬುಧವಾರ ಹದಿನಾರು."

"ಹದಿನಾರು ಎಲ್ಲಿ?"

ಆ ತಾಣದ ಕಂಪನಿಗೆ ನೋಟಿಸ್ ಕಳಿಸಿ ಖಾತೆದಾರನ ವಿವರ ತರಿಸಲು ಹತ್ತು ದಿನ ಬೇಕು. ಹಮ್ಜಾನಿಗೆ ಉಳಿದಿದ್ದು ಏಳು ಗಂಟೆ.

ಕೀರ್ತನಾ ಮೂರು ಬಿಂದುಗಳನ್ನು ನಕ್ಷೆಯ ಮೇಲಿಟ್ಟು ಬಹಳ ಹೊತ್ತು ನೋಡಿದಳು. ಒಂದು ಉತ್ತರಕ್ಕೆ, ಎರಡು ದಕ್ಷಿಣಕ್ಕೆ. ಆಮೇಲೆ ಅಗ್ನಿಶಾಮಕ ಠಾಣೆಯಿಂದ ರಸ್ತೆಯ ಅಳತೆ ತೆಗೆದಳು. 15.4 ಕಿಲೋಮೀಟರ್. 15.6. 15.5.

"ಸರ್, ಇವನು ಹೊಲ ಆರಿಸಿಲ್ಲ. ದೂರ ಆರಿಸಿದಾನೆ."

* * *

11 ಗಂಟೆ 50. ಅಗ್ನಿಶಾಮಕ ಠಾಣೆಯಲ್ಲಿ ಚಾಲಕ ಖುದ್ದೂಸ್ ಗಾಡಿಯ ಗಾಜು ಒರೆಸುತ್ತಿದ್ದ. ಐವತ್ತು ದಾಟಿದವನು. ಕರೆಗಳ ರಿಜಿಸ್ಟರ್ ತಂದು ಬಾನೆಟ್ಟಿನ ಮೇಲೆ ಬಿಚ್ಚಿದ.

"ಹುಲ್ಲಿನ ಬೆಂಕಿ ಏನೈತೆ ಸಾರ್ ಅದ್ರಾಗೆ, ಸುಗ್ಗಿ ಮುಗಿದ ಮ್ಯಾಲೆ ದಿನಾ ಒಂದು."

ಹಾಲೇಶ್ ಮೂರು ತಾರೀಖನ್ನೂ ಹದಿನೈದೂವರೆ ಕಿಲೋಮೀಟರಿನ ಲೆಕ್ಕವನ್ನೂ ಹೇಳಿದರು. ಖುದ್ದೂಸ್ ಓದಿದ. ಜನವರಿ 29: ಕರೆ 2.44, ತಲುಪಿದ್ದು 3.03. ಫೆಬ್ರುವರಿ 5: ಕರೆ 2.43, ತಲುಪಿದ್ದು 3.01. ನಿನ್ನೆ: ಕರೆ 2.43, ತಲುಪಿದ್ದು 3.00.

ಕೀರ್ತನಾ ಲೆಕ್ಕ ಹಾಕಿದಳು. ಹತ್ತೊಂಬತ್ತು. ಹದಿನೆಂಟು. ಹದಿನೇಳು.

ಅವನು ಎಣಿಕೆ ಇಳಿಸುತ್ತಿರಲಿಲ್ಲ. ಗಾಡಿ ಬರಲು ಹಿಡಿದ ನಿಮಿಷಗಳನ್ನು ಬರೆಯುತ್ತಿದ್ದ.

"ಬೇಗನೇ ಹೋಗಿದೀರಿ," ಎಂದರು ಹಾಲೇಶ್.

"ಲೊಕೇಶನ್ ಸರಿಯಾಗಿ ಬಂದಿತ್ತು ಸಾರ್. ಹಳ್ಳಿ ಕಡೆ ಅಂಗಡಿ ಹಿಂದೆ, ಆಲದಮರದ ಬಲಕ್ಕೆ ಅಂತಾರೆ. ಇವ ಯಾರೋ ಕಂಬ ನೆಟ್ಟಂಗೆ ತೋರಿಸಿದ್ದ. ಕಣ್ಮುಚ್ಕಂಡು ಹೋಗಬೌದಿತ್ತು."

"ಮೂರೂ ಸಲ ಕರೆ ಯಾರದು?"

ಖುದ್ದೂಸ್ ಮತ್ತೆ ರಿಜಿಸ್ಟರಿಗೆ ಬಗ್ಗಿದ. ಕರೆ ಬರೆದುಕೊಂಡವರು ಮೂರು ದಿನವೂ ಬೇರೆ ಬೇರೆ ಸಿಬ್ಬಂದಿ. ಫೋನ್ ನಂಬರಿನ ಕಾಲಂ ಯಾರೂ ಓದುವಂಥದ್ದಲ್ಲ. ಅವನ ಬೆರಳು ಮೊದಲ ಸಾಲಿನಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಿ ಅಲ್ಲೇ ನಿಂತಿತು. ಒಂದೇ ನಂಬರ್.

ಅವನು ಗಾಡಿಯೊಳಗಿಂದ ಫೋನ್ ತಂದ. ಆ ನಂಬರಿನ ಸಂದೇಶಗಳನ್ನು ಮೇಲಕ್ಕೆ ಸರಿಸಿದ. ನಾಲ್ಕು ಲೊಕೇಶನ್ ಇದ್ದವು. ಮೊದಲನೆಯದರ ತಾರೀಖು 2024ರ ಸೆಪ್ಟೆಂಬರ್ 11.

"ಕೂಡ್ರಿ ಸಾರ್," ಎಂದ. ತಾನು ಮೊದಲು ಗಾಡಿಯ ಮೆಟ್ಟಿಲ ಮೇಲೆ ಕೂತ. "ಇಲ್ಲಿಂದ ಹದಿನೈದೂವರೆ ಅಂದ್ರೆ ಗುತ್ತೂರು ಚಿಂದಿ ಶೆಡ್ಡು."

"ಯಾವ ಶೆಡ್ಡು?"

"ಹತ್ತಿ ಚಿಂದಿ ಆರಿಸೋ ಶೆಡ್ಡು. ಅವತ್ತು ಬುಧವಾರ. ಹರಿಹರದ ಗಾಡಿ ಬೇರೆ ಬೆಂಕಿಗೆ ಹೋಗಿತ್ತು, ಕರೆ ನಮಗೆ ಬಂತು. ಹೆಂಡ್ತಿ ಶೆಡ್ಡಿನಾಗೆ ಸಿಕ್ಕಿ ಬಿದ್ದಾಳೆ, ಚಿಂದಿ ಶೆಡ್ಡು, ಬೇಗ ಬರ್ರಿ ಅಂದ. ಚಿಂದಿ ಶೆಡ್ಡು ಊರ ಸುತ್ತ ಹತ್ತಾರು ಅದಾವೆ. ಲೊಕೇಶನ್ ಹಾಕ್ರಿ ಅಂದ್ವಿ. ಹಾಕಿದ. ನಾನು ಗಾಡಿ ಹೊಡೆದೆ."

"ಆಮೇಲೆ?"

"ಚುಕ್ಕಿ ಲೋಕಿಕೆರೆ ರಸ್ತೆ ಮ್ಯಾಲಿತ್ತು. ನಾವು ಅದರ ಕಡೆ ಹೋಗ್ತಿದ್ವಿ, ಅದೂ ನಮ್ಮ ಕಡೆ ಬರಾಕೆ ಹತ್ತಿತು. ಮ್ಯಾಪು ಕೆಟ್ಟೈತೆ ಅಂದ್ಕಂಡೆ. ಫೋನ್ ಹಚ್ಚಿದ್ರೆ ಎಂಗೇಜು. ಅವ ಹೆಂಡ್ತಿ ಕೂಡ ಮಾತಾಡ್ತಿದ್ದ." ಖುದ್ದೂಸ್ ಒರೆಸುವ ಬಟ್ಟೆಯನ್ನು ಮಡಿಚಿದ. "ಪಾರ್ಸಲ್ ಕೊಡೋ ಹುಡುಗ ಸಾರ್. ದಿನಕ್ಕೆ ಐವತ್ತು ಜನಕ್ಕೆ ತಾನು ಎಲ್ಲಿ ಬರ್ತಿದೀನಿ ಅಂತ ಲೈವ್ ಲೊಕೇಶನ್ ಹಾಕೋದು ಅವನ ಕೆಲಸ. ಕೈ ತಾನಾಗೇ ಅದನ್ನೇ ಒತ್ತೈತೆ. ಅವಳಿರೋ ಜಾಗ ಹೋಗಬೇಕಿತ್ತು. ತಾನಿರೋ ಜಾಗ ಹೋತು."

"ಶೆಡ್ಡಿನ ಉಳಿದವರು ಯಾರೂ ಕರೆ ಮಾಡಲಿಲ್ವಾ?"

"ಐದು ಹೆಣ್ಮಕ್ಕಳು ಓಡಿಬಂದಿದ್ರು. ಸರೋಜನ ಗಂಡ ಗಾಡಿಗೆ ಹೇಳ್ಯಾನಂತೆ, ಹೊಂಟೈತಂತೆ ಅಂತ ನಿಂತಿದ್ರು. ನಾವಿಬ್ರು ರಸ್ತೆ ನಡುವೆ ಎದುರಾದ್ವಿ. ಅವನ ಬೈಕು, ನನ್ನ ಗಾಡಿ. ಎಲ್ಲಪ್ಪಾ ಬೆಂಕಿ ಅಂದೆ. ನನ್ನ ನೋಡಿದ. ಫೋನ್ ನೋಡಿದ. ಗುತ್ತೂರು ಅಂದ. ಬೈಕ್ ಅಲ್ಲೇ ಬಿಟ್ಟು ಗಾಡಿ ಹತ್ತಿದ. ದಾರಿಯಾಗೆ ಒಂದು ಮಾತಾಡಲಿಲ್ಲ. ಮೂವತ್ತೇಳು ನಿಮಿಷಕ್ಕೆ ಮುಟ್ಟಿದ್ವಿ."

"ಶೆಡ್ಡು?"

"ಇಪ್ಪತ್ತನೇ ನಿಮಿಷಕ್ಕೆ ಚಾವಣಿ ಕುಸಿದಿತ್ತು. ವರದಿಯಾಗೆ ಬರದೈತೆ. ಅದರ ಒಂದು ಪ್ರತಿ ಅವನಿಗೂ ಕೊಟ್ಟಾರೆ."

ಕೀರ್ತನಾ ರಿಜಿಸ್ಟರ್ ಮುಚ್ಚಿದಳು. ಎಸ್.ವಿ. ಅಂದರೆ ಏನೆಂದು ಅವಳು ಕೇಳಲಿಲ್ಲ. ಸರೋಜಳ ಗಂಡನ ಹೆಸರು ವಿಜಯಕುಮಾರ್ ಎಂದು ಖುದ್ದೂಸ್ ತಾನೇ ಹೇಳಿದ.

* * *

ವಿಜಯಕುಮಾರನ ಮನೆ ಹರಿಹರದಲ್ಲಿತ್ತು. ಹರಿಹರ ಠಾಣೆಯವರು ಹೋಗಿ ನೋಡಿದರು. ಬೀಗ. ನಿನ್ನೆ ಬೆಳಿಗ್ಗೆ ಹೋದವನು ಬಂದಿಲ್ಲವೆಂದು ಪಕ್ಕದ ಮನೆಯವರು ಹೇಳಿದರು. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ.

1 ಗಂಟೆ 15. ಹಾಲೇಶ್ ಜೀಪಿನಲ್ಲೇ ಕೂತು ಗಡಿಯಾರ ನೋಡಿದರು.

"ಗುತ್ತೂರಿಗೆ ಹೋಗ್ಯಾನಾ ಸಾರ್?" ಎಂದ ಜಂಬಯ್ಯ. "ಆ ಶೆಡ್ಡು ಮತ್ತೆ ಕಟ್ಯಾರೆ. ಒಳಗೆ ಹೆಣ್ಮಕ್ಕಳು ಅದಾರೆ."

ಹರಿಹರ ಠಾಣೆಯಿಂದ ಇಬ್ಬರನ್ನು ಗುತ್ತೂರಿಗೆ ಕಳಿಸಿದರು. ಹಿಂದಿನ ಸೀಟಿನಲ್ಲಿ ಕೀರ್ತನಾ ಲ್ಯಾಪ್‌ಟಾಪ್ ತೆರೆದಳು. ಈ ಸಲ ಜಾಗ ಕೊಡಲಿಲ್ಲ, ಖಾತೆ ಕೊಟ್ಟಳು. ಜಾಗ ಅದೇ ಹೇಳಲಿ ಎಂದು.

ಮಧ್ಯಾಹ್ನ 12 ಗಂಟೆ 40ಕ್ಕೆ ಅವನು ಒಂದು ಚಿತ್ರ ಹಾಕಿದ್ದ. ಮುಚ್ಚಿದ ಬಿಳಿ ಬಾಗಿಲು. ಅಂಕಿಯಿಲ್ಲ, ಮಾತಿಲ್ಲ. ಜಾಗ ಮಾತ್ರ ಇತ್ತು.

"ಸರ್, ಸರ್ಕಾರಿ ಆಸ್ಪತ್ರೆ. ಸುಟ್ಟಗಾಯದ ವಾರ್ಡ್."

ಜಂಬಯ್ಯ ಗೇರ್ ಹಾಕಿದ. "ಮುಗಿಸಾಕೆ ಹೋಗ್ಯಾನಾ?"

ಹಾಲೇಶ್ ಫೋನ್ ತೆಗೆದರು. ವಾರ್ಡಿನಲ್ಲಿ ಶಿವುನ ಕಡೆಯ ಯಾರಾದರೂ ಇರುತ್ತಾರೆ, ಕೆಂಚಣ್ಣನ ಹಾಸಿಗೆಯ ಬಳಿಗೆ ಯಾರನ್ನೂ ಬಿಡಬೇಡಿ ಎಂದು ಆಸ್ಪತ್ರೆಯ ಹೊರಠಾಣೆಗೆ ಫೋನ್ ಮಾಡಿದರು. ದಾರಿಯಲ್ಲಿ ಎರಡು ಸಿಗ್ನಲ್ ಇದ್ದವು. ಜಂಬಯ್ಯ ಎರಡರಲ್ಲೂ ನಿಲ್ಲಲಿಲ್ಲ.

1 ಗಂಟೆ 35. ಮೊದಲು ಕೆಂಚಣ್ಣನನ್ನು ನೋಡಿದರು. ಎಚ್ಚರವಿದ್ದ. ವೈದ್ಯರು ಐದು ನಿಮಿಷ ಕೊಟ್ಟರು.

"ಯಜಮಾನ್ರೆ, ಯಾರನ್ನಾದರೂ ನೋಡಿದ್ರಾ?"

"ನೋಡಿದ್ನಪ್ಪ. ಹೆಲ್ಮೆಟ್ ಹಾಕ್ಕಂಡಿದ್ದ. ರಟ್ಟೆ ಹಿಡಿದು ಎಳೆದು ಹಾಕಿದ. ಕೈ ಸುಟ್ರೂ ಬಿಡಲಿಲ್ಲ."

"ಹಮ್ಜಾ ಇರಬಹುದಾ?"

ಮುದುಕ ಕಣ್ಣು ಮುಚ್ಚಿ ಯೋಚಿಸಿದ.

"ಅಲ್ಲ. ಈ ಮನುಷ್ಯ ಅಜ್ಜಾ ಅಜ್ಜಾ ಅಂತ ಅಳ್ತಿದ್ದ. ಹಮ್ಜಾ ನನಗೆ ಯಜಮಾನ್ರೆ ಅಂತಾನೆ. ಜಗಳದಾಗೂ ಯಜಮಾನ್ರೆ ಅಂತಲೇ ಬೈದ."

"ಹೇಳಿಕೆ ಬರ್ಕೊಳ್ಳಿ," ಎಂದರು ಹಾಲೇಶ್. ಕೀರ್ತನಾ ಬರೆದಳು. ಕೆಂಚಣ್ಣ ಹೆಬ್ಬೆಟ್ಟು ಒತ್ತಿದ. ಶಿವು ಮಂಚದ ಕಾಲ ಬಳಿ ನಿಂತು ನೆಲ ನೋಡುತ್ತಿದ್ದ.

"ನಿನ್ನೆಯಿಂದ ಹೊರಗಿನ ಬೆಂಚಿನ ಮ್ಯಾಲೆ ಒಬ್ಬ ಕೂತಾನಲ್ಲ, ಕೈಗೆ ಬಟ್ಟೆ ಕಟ್ಕಂಡು," ಎಂದ ಶಿವು ನಿಧಾನವಾಗಿ. "ನಿಮ್ಮೋರು ಯಾರು ಒಳಗೆ ಅಂತ ಕೇಳಿದ್ನಿ. ಯಾರೂ ಇಲ್ಲ ಅಂದ. ನಮಗೆ ಇಡ್ಲಿ ತಂದುಕೊಟ್ಟ."

ವಾರ್ಡಿನ ಹಿಂದಿನ ಮೊಗಸಾಲೆಯಲ್ಲಿ, ಬಿಳಿ ಬಾಗಿಲಿನ ಎದುರು, ವಿಜಯಕುಮಾರ್ ಕೂತಿದ್ದ. ಮೂವತ್ತನಾಲ್ಕು ವರ್ಷ. ಪಕ್ಕದಲ್ಲಿ ಪಾರ್ಸಲಿನ ದೊಡ್ಡ ಚೀಲ, ಅದರ ಮೇಲೆ ಹೆಲ್ಮೆಟ್. ಎರಡೂ ಅಂಗೈಗೆ ಹಳೆಯ ಟವೆಲ್ ಹರಿದು ಸುತ್ತಿಕೊಂಡಿದ್ದ. ಸಮವಸ್ತ್ರ ನೋಡಿ ಎದ್ದು ನಿಂತ.

"ಅಜ್ಜ ಹೆಂಗದಾರೆ ಸಾರ್?"

"ಬದುಕ್ತಾರೆ."

ಅವನು ತಲೆಯಾಡಿಸಿದ. ಆಮೇಲೆ ಎರಡೂ ಕೈ ಮುಂದೆ ಚಾಚಿದ. ಹಾಲೇಶ್ ಆ ಕೈಗಳನ್ನು ನೋಡಿದರು. ಬೇಡಿ ಹಾಕಲಿಲ್ಲ. ಮೊದಲು ಅದೇ ವಾರ್ಡಿನೊಳಗೆ ಕರೆದೊಯ್ದು ಗಾಯಕ್ಕೆ ಪಟ್ಟಿ ಕಟ್ಟಿಸಿದರು. ಬಂಧನದ ಸಮಯ ಮಧ್ಯಾಹ್ನ 2 ಗಂಟೆ 5 ನಿಮಿಷ ಎಂದು ಜಂಬಯ್ಯ ಬರೆದ. ಚೀಲದಲ್ಲಿ ಕಂದು ಟೇಪಿನ ಸುರುಳಿ, ಖಾಲಿ ರಟ್ಟಿನ ಡಬ್ಬಿಗಳು, ಬೆಂಕಿಪೊಟ್ಟಣ ಸಿಕ್ಕವು. ಜಪ್ತಿ ಪಂಚನಾಮೆ ಆಯಿತು.

* * *

ಠಾಣೆಯಲ್ಲಿ ಅವನು ಎಲ್ಲದಕ್ಕೂ ಉತ್ತರ ಕೊಟ್ಟ.

"ಮೂರೂ ನೀನೇ ಹಚ್ಚಿದ್ದು?"

"ಹೌದು ಸಾರ್."

"ಜನ ಇದ್ದಾರಾ ಅಂತ ನೋಡ್ತಿರಲಿಲ್ವಾ?"

"ಸುತ್ತ ಒಂದು ಸಲ ತಿರುಗಿ ನೋಡ್ತಿದ್ದೆ. ನಿನ್ನೆನೂ ನೋಡಿದೆ. ಅಜ್ಜ ಹುಲ್ಲು ಮ್ಯಾಲೆ ಎಳ್ಕಂಡು ಮಲಗಿದ್ದ. ಕಾಣಲಿಲ್ಲ."

"ಗಾಡಿಗೆ ನೀನೇ ಫೋನ್ ಮಾಡಿದ್ದು?"

"ಹಚ್ಚಿ ಮೂರು ನಿಮಿಷಕ್ಕೆ. ಅವತ್ತು ಅವಳು ನನಗೆ ಫೋನ್ ಮಾಡಿ, ನಾನು ಗಾಡಿಗೆ ಮಾಡೋದ್ರಾಗೆ ಮೂರು ನಿಮಿಷ ಹೋಗಿತ್ತು."

ಕೀರ್ತನಾಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಮತ್ತೆ ಟೈಪ್ ಮಾಡಿದಳು.

"ಯಾಕೆ?" ಎಂದರು ಹಾಲೇಶ್. "ಯಾರ ಮೇಲೆ ಸಿಟ್ಟು?"

"ಯಾರ ಮ್ಯಾಲೂ ಇಲ್ಲ ಸಾರ್."

"ಮತ್ತೆ?"

ವಿಜಯಕುಮಾರ್ ಪಟ್ಟಿ ಕಟ್ಟಿದ ಕೈಗಳನ್ನು ಮೇಜಿನ ಮೇಲಿಟ್ಟ.

"ವರದಿಯಾಗೆ ಇಪ್ಪತ್ತು ನಿಮಿಷಕ್ಕೆ ಚಾವಣಿ ಬಿತ್ತು ಅಂತೈತೆ. ನಾನು ಲೊಕೇಶನ್ ಸರಿ ಹಾಕಿದ್ರೂ ಗಾಡಿ ಇಪ್ಪತ್ತರೊಳಗೆ ಬರ್ತಿರಲಿಲ್ಲ ಅಂತ ಆದ್ರೆ ಸಾಕಿತ್ತು. ಅಷ್ಟೇ ದೂರ, ಅದೇ ವಾರ, ಅದೇ ಹೊತ್ತು. ಲೊಕೇಶನ್ ಮಾತ್ರ ಸರಿ. ಹತ್ತೊಂಬತ್ತಕ್ಕೆ ಬಂತು. ಇದು ಲೆಕ್ಕಕ್ಕಿಲ್ಲ ಅಂದ್ಕಂಡೆ. ಹದಿನೆಂಟಕ್ಕೆ ಬಂತು."

ಅವನು ಕೈಗಳನ್ನು ಮಡಿಲಿಗೆ ಎಳೆದುಕೊಂಡ.

"ಒಂದಾದ್ರೂ ಇಪ್ಪತ್ತು ದಾಟಲಿ ಅಂತ ಕಾಯ್ತಿದ್ದೆ ಸಾರ್."

"ವಿಡಿಯೊ ಯಾರಿಗೆ ಹಾಕ್ತಿದ್ದೆ?"

"ಆ ಖಾತೆ ನಾವಿಬ್ರೂ ಸೇರಿ ತೆಗೆದಿದ್ದು. ಅದನ್ನ ನೋಡೋರು ಇಬ್ರೇ. ನಾನು, ಅವಳು."

ಹೇಳಿಕೆ ನಾಲ್ಕು ಪುಟ ಆಯಿತು. ಸಹಿ ಮಾಡಲು ಕೈ ಬರಲಿಲ್ಲ. ಕಿರುಬೆರಳಿನ ಗುರುತು ತೆಗೆದುಕೊಂಡರು.

4 ಗಂಟೆ 50ಕ್ಕೆ ಹಮ್ಜಾನನ್ನು ಬಿಟ್ಟರು. ಹಾಲೇಶ್ ತಾವೇ ಗೇಟಿನವರೆಗೆ ಹೋಗಿ ಕೆಂಚಣ್ಣನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಜನ ಕೇಳಿದರು. ಒಂದು ಟ್ರ್ಯಾಕ್ಟರ್ ಶುರುವಾಯಿತು, ಆಮೇಲೆ ಇನ್ನೊಂದು. ಸಿಮ್ರಾನ್ ಬುತ್ತಿಯ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟಳು.

"ಹಳಸೈತೆ," ಎಂದಳು. "ಚೆಲ್ಲಿ ಬರ್ರಿ."

"ಇರ್ಲಿ ಬಿಡು. ಮೊದ್ಲು ಆಸ್ಪತ್ರೆಗೆ ಹೋಗಾಣ. ಯಜಮಾನ್ರನ್ನ ನೋಡಬೇಕು."

"ಈಗ್ಲಾ?"

"ಸುಟ್ಕಳ್ರಿ ಅಂದೋನು ನಾನಲ್ವಾ."

6 ಗಂಟೆಗೆ ಖುದ್ದೂಸ್ ಬಂದ. ಸಮವಸ್ತ್ರದಲ್ಲಿರಲಿಲ್ಲ. ಐದು ನಿಮಿಷ ಮಾತಾಡಬೇಕೆಂದ. ಹಾಲೇಶ್ ಬಿಟ್ಟರು. ಲಾಕಪ್ಪಿನ ಸರಳಿನ ಈಚೆ ಅವನು ಕುಕ್ಕರಗಾಲಲ್ಲಿ ಕೂತ. ಆಚೆ ವಿಜಯಕುಮಾರ್ ಗೋಡೆಗೊರಗಿದ್ದ. ಅವರಿಬ್ಬರೂ ಸೆಪ್ಟೆಂಬರ್ ನಂತರ ಮುಖ ನೋಡಿರಲಿಲ್ಲ.

"ನನ್ನ ಕೇಳಿದ್ರೆ ಹೇಳ್ತಿದ್ನಲ್ಲಪ್ಪಾ," ಎಂದ ಖುದ್ದೂಸ್. "ಅವತ್ತು ಗಣಪತಿ ಕೂರಿಸಿ ಐದನೇ ದಿನ. ಹಳೇ ಹೈವೇ ಮ್ಯಾಲೆ ಮೆರವಣಿಗೆ ಇತ್ತು. ಡೊಳ್ಳು, ಟ್ರ್ಯಾಕ್ಟರು, ಜನ. ಸೀದಾ ಗುತ್ತೂರಿಗೆ ಹೊರಟಿದ್ರೂ ಅರ್ಧ ತಾಸು ಬೇಕಿತ್ತು. ಇಪ್ಪತ್ತಕ್ಕೆ ಮುಟ್ಟಾಕೆ ಆಗ್ತಿರಲಿಲ್ಲ. ಈಗಿನ ಖಾಲಿ ರಸ್ತೆಗೆ ನೀನು ಅವತ್ತಿಂದು ಅಳೀಬ್ಯಾಡ."

ವಿಜಯಕುಮಾರ್ ಗೋಡೆ ಬಿಟ್ಟು ಸರಳಿನ ಹತ್ತಿರ ಸರಿದ.

"ಮೆರವಣಿಗೆ ಇತ್ತಾ?"

"ಇತ್ತು."

"ನಾನು ಗಾಡಿಯಾಗೇ ಕೂತಿದ್ದೆ. ನೆನಪಿಲ್ಲ."

"ನಿನಗೆ ಯಾವುದು ನೆನಪೈತೆ ಅವತ್ತಿಂದು?"

ಆಮೇಲೆ ಅಳುವ ಸದ್ದು ಬಂತು. ಜಂಬಯ್ಯ ಹೋಗಿ ಹೊರಗಿನ ಬಾಗಿಲು ಎಳೆದುಕೊಂಡ. ಹಾಲೇಶ್ ಅವರ ಮೇಜಿನ ಬಳಿ ಬಂದು ತಗ್ಗಿದ ದನಿಯಲ್ಲಿ, "ಸಾರ್, ಅವತ್ತು ಹಳೇ ಹೈವೇ ಬಂದೋಬಸ್ತಿಗೆ ನಾನೇ ಇದ್ದೆ. ಮೆರವಣಿಗೆ," ಎಂದು ಶುರುಮಾಡಿದ. ಹಾಲೇಶ್ ತಲೆ ಎತ್ತಿ ನೋಡಿದರು. ಜಂಬಯ್ಯ ಮುಂದುವರಿಸಲಿಲ್ಲ. ಚಹಾ ತರುತ್ತೇನೆಂದು ಹೊರಗೆ ಹೋದ.

ಮೂಲೆಯ ಮೇಜಿನಲ್ಲಿ ಕೀರ್ತನಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಹಳೇ ಹೈವೇಯ ಬಿಂದು ಕೊಟ್ಟಳು. ಸುತ್ತ ಎರಡು ಕಿಲೋಮೀಟರ್. 2024ರ ಸೆಪ್ಟೆಂಬರ್ 11, ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ. ಮೆರವಣಿಗೆಗಳಿಗೆಂದೇ ಬರೆದ ಸ್ಕ್ರಿಪ್ಟ್ ಅದು.

ಒಂದು ಸಾಲು ಬಂತು. ಹಾಲೇಶ್ ಅವಳ ಹಿಂದೆ ಬಂದು ನಿಂತಿದ್ದರು. ಇಬ್ಬರೂ ಓದಿದರು.

ಸೊನ್ನೆ.

"ಸೊನ್ನೆ ಅಂದ್ರೆ ಅಲ್ಲಿ ಯಾರೂ ಇರಲಿಲ್ಲ ಅಂತ ಅಲ್ಲ ಸರ್," ಎಂದಳು ಕೀರ್ತನಾ. "ಈ ಊರಲ್ಲಿ ಇರೋ ಜಾಗ ಯಾರೂ ಹಾಕಲ್ಲ."

"ಹೌದು," ಎಂದರು ಹಾಲೇಶ್.

ಅವಳು ಆ ಸಾಲನ್ನು ಅಳಿಸಿದಳು. ಜಪ್ತಿಯ ಪಟ್ಟಿಯಲ್ಲಿ ಇನ್ನೊಂದು ವಸ್ತು ಸೇರಿಸುವುದಿತ್ತು. ಕಪ್ಪು ಬಣ್ಣದ ಮೊಬೈಲ್ ಒಂದು, ಗಾಜು ಒಡೆದದ್ದು, ಲೊಕೇಶನ್ ಆನ್ ಇದ್ದ ಸ್ಥಿತಿಯಲ್ಲಿ. ಅದನ್ನು ಟೈಪ್ ಮಾಡಿ ಪ್ರಿಂಟ್ ಕೊಟ್ಟಳು.